ಕಲ್ಲು ಕರಗುತ್ತದೆ, ಹೃದಯವೇಕೆ ಕರಗದು?

(ಸೂರಃ ಅಲ್ ಬಕರಃದ 74ನೆಯ ಸೂಕ್ತದ ಅಧ್ಯಯನ)

ಪವಿತ್ರ ಕುರ್‌ಆನಿನ ಎರಡನೆಯ ಅಧ್ಯಾಯದಲ್ಲಿ ಇಸ್ರಾಈಲ್ ಸಂತತಿಯವರ ಒಂದು ಪ್ರಸಂಗ ಬರುತ್ತದೆ. ಅವರಲ್ಲಿ ಒಂದು ಕೊಲೆಯಾಗಿತ್ತು. ಕೊಂದವರು ಯಾರೆಂಬುದನ್ನು ಮುಚ್ಚಿಟ್ಟು ಒಬ್ಬರ ಮೇಲೊಬ್ಬರು ಆರೋಪ ಹೊರಿಸುತ್ತಿದ್ದರು. ಅಲ್ಲಾಹನು ಸತ್ತವನನ್ನು ಅವರ ಕಣ್ಣೆದುರೇ ಜೀವಂತಗೊಳಿಸಿ ಸತ್ಯವನ್ನು ಬಯಲಿಗೆಳೆದನು. ಇಷ್ಟು ದೊಡ್ಡ ದೃಷ್ಟಾಂತವನ್ನು ಕಂಡ ಮೇಲೆ ಯಾರ ಹೃದಯ ತಾನೇ ಮೆತ್ತಗಾಗದು? ಆದರೆ ಅವರ ಹೃದಯಗಳು ಮೆತ್ತಗಾಗಲಿಲ್ಲ. ಬದಲಾಗಿ ಇನ್ನೂ ಗಟ್ಟಿಯಾದವು.

ಈ ಸಂದರ್ಭದಲ್ಲಿಯೇ 74ನೆಯ ಸೂಕ್ತ ಅವತೀರ್ಣಗೊಂಡಿದೆ. ಅದರ ಸಾರಾಂಶ ಇಷ್ಟು: ಅವರ ಹೃದಯಗಳು ಕಲ್ಲಿನಂತಾದವು, ಅಷ್ಟೇ ಅಲ್ಲ, ಕಲ್ಲಿಗಿಂತಲೂ ಕಠಿಣವಾದವು. ಏಕೆಂದರೆ ಕಲ್ಲುಗಳಲ್ಲಿ ಕೆಲವು ನದಿಗಳನ್ನೇ ಹೊಮ್ಮಿಸುತ್ತವೆ. ಕೆಲವು ಬಿರಿಯುತ್ತವೆ, ಆ ಬಿರುಕಿನಿಂದ ನೀರು ಜಿನುಗುತ್ತದೆ. ಇನ್ನು ಕೆಲವು ಅಲ್ಲಾಹನ ಭಯದಿಂದ ಉರುಳಿ ಬೀಳುತ್ತವೆ.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಹಟಮಾರಿಯಾದ ಮನುಷ್ಯನನ್ನು ನಾವು 'ಕಲ್ಲೆದೆಯವನು' ಎಂದು ಕರೆಯುತ್ತೇವೆ. ಅಲ್ಲಾಹನು ಮೊದಲು ಅದೇ ಹೋಲಿಕೆಯನ್ನು ಕೊಟ್ಟು, ಮರುಕ್ಷಣವೇ ಕಲ್ಲಿನ ಪರವಾಗಿ ನಿಂತು ಮಾತಾಡುತ್ತಾನೆ. ಅಂಥ ಮನುಷ್ಯನಿಗೆ ಹೋಲಿಸಿದರೆ ಕಲ್ಲಿಗೇ ಅನ್ಯಾಯವಾಗುತ್ತದೆ ಎಂಬ ಧ್ವನಿ ಅದರಲ್ಲಿದೆ. ಹಾಗಾದರೆ ಕಲ್ಲು ಏನು ಮಾಡುತ್ತದೆ? ಸೂಕ್ತದಲ್ಲಿ ಹೇಳಿರುವ ಮೂರು ಬಗೆಯನ್ನು ಒಂದೊಂದಾಗಿ, ನಮ್ಮ ಕಣ್ಣಿಗೆ ಕಾಣುವ ಉದಾಹರಣೆಗಳೊಂದಿಗೆ ನೋಡೋಣ. ಕುರ್‌ಆನ್ ಭೂಗರ್ಭಶಾಸ್ತ್ರದ ಪಠ್ಯಪುಸ್ತಕವಲ್ಲ, ಅದು ಮಾರ್ಗದರ್ಶನದ ಗ್ರಂಥ. ಆದರೆ ಭೂಮಿಯನ್ನು ನೋಡಿರಿ, ಚಿಂತಿಸಿರಿ ಎಂದು ಅದು ಮತ್ತೆ ಮತ್ತೆ ಕರೆ ಕೊಡುತ್ತದೆ. ಆದ್ದರಿಂದ ನೋಡುವುದೂ ಆಜ್ಞಾಪಾಲನೆಯೇ ಆಗಿದೆ.

ಮೊದಲನೆಯದು: ನದಿಯನ್ನು ಹೊಮ್ಮಿಸುವ ಕಲ್ಲು

ಬೀದರ್, ಭಾಲ್ಕಿ, ಔರಾದಗಳ ಮನೆಗಳಲ್ಲಿ, ಮಸೀದಿಗಳ ಅಂಗಳಗಳಲ್ಲಿ ಹಾಸಿರುವ ಫರಸಿ ಕಲ್ಲನ್ನು ಎಲ್ಲರೂ ಬಲ್ಲರು. ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರಿನಿಂದಲೇ ಅದು ದೇಶವಿಡೀ ಪ್ರಸಿದ್ಧವಾಗಿದೆ. ಅದು ಸುಣ್ಣದ ಕಲ್ಲು. ಸೇಡಂ, ವಾಡಿ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳು ನಡೆಯುವುದು ಈ ಕಲ್ಲಿನಿಂದಲೇ. ಕೋಟ್ಯಂತರ ವರ್ಷಗಳ ಹಿಂದೆ ಭೀಮಾ ತೀರದ ಈ ಪ್ರದೇಶವು ಆಳವಿಲ್ಲದ ಸಮುದ್ರದ ಕೆಳಗಿತ್ತು. ಆ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು, ಒತ್ತಡದಿಂದ ಗಟ್ಟಿಯಾಗಿ ಕಲ್ಲಾಯಿತು. ಫರಸಿಯನ್ನು ಹಪ್ಪಳದಂತೆ ಪದರಗಳಾಗಿ ಸೀಳಲು ಬರುವುದು ಇದೇ ಕಾರಣದಿಂದ. ಸಮುದ್ರವನ್ನು ಎಂದೂ ನೋಡದ ನಮ್ಮ ಅಜ್ಜಿಯರು ಸಮುದ್ರದ ತಳದ ಮೇಲೆಯೇ ಕೂತು ತಸ್ಬೀಹ್ ಎಣಿಸಿದ್ದಾರೆ!

ಈ ಕಲ್ಲಿನ ಒಂದು ಸ್ವಭಾವವನ್ನು ಗೃಹಿಣಿಯರು ಚೆನ್ನಾಗಿ ಬಲ್ಲರು. ಅಡುಗೆಮನೆಯ ಫರಸಿಯ ಮೇಲೆ ನಿಂಬೆರಸವೋ ಹುಣಸೆಹುಳಿಯೋ ಚೆಲ್ಲಿ ಹಾಗೆಯೇ ಬಿಟ್ಟರೆ ಅಲ್ಲಿ ಬಿಳಿಚಿದ ಕಲೆ ಬೀಳುತ್ತದೆ. ತಿಕ್ಕಿದರೂ ಹೋಗದು, ಏಕೆಂದರೆ ಅದು ಕೊಳೆಯಲ್ಲ. ಹುಳಿಯು ಕಲ್ಲಿನ ಮೈಯನ್ನೇ ಒಂದಿಷ್ಟು ತಿಂದಿರುತ್ತದೆ. ಹುಳಿ ತಗುಲಿದರೆ ಸುಣ್ಣದ ಕಲ್ಲು ಕರಗುತ್ತದೆ.

ಮಳೆಯ ನೀರಿಗೂ ಸ್ವಲ್ಪ ಹುಳಿಯಿದೆ ಎಂದರೆ ಆಶ್ಚರ್ಯವಾದೀತು. ಸೋಡಾ ಬಾಟಲಿಯಲ್ಲಿ ಬುರುಗು ಎಬ್ಬಿಸುವ ಅನಿಲವೇ, ಅಂದರೆ ಇಂಗಾಲದ ಡೈಆಕ್ಸೈಡ್, ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರುತ್ತದೆ. ಮಳೆಹನಿಯು ಅದನ್ನು ತನ್ನಲ್ಲಿ ಕರಗಿಸಿಕೊಂಡು ಬಹಳ ಸೌಮ್ಯವಾದ ಆಮ್ಲವಾಗುತ್ತದೆ. ನಾಲಗೆಗೆ ತಿಳಿಯದಷ್ಟು ಸೌಮ್ಯ. ಆದರೆ ಆ ಹನಿ ಸುಣ್ಣದ ಕಲ್ಲಿನ ಬಿರುಕಿಗೆ ಇಳಿದು, ಅದರ ಹಿಂದೆ ಮತ್ತೊಂದು, ಅದರ ಹಿಂದೆ ಮಗದೊಂದು ಇಳಿದು, ಸಾವಿರಾರು ವರ್ಷ ಇದೇ ನಡೆದರೆ ಕೂದಲೆಳೆಯ ಬಿರುಕು ಕೈ ಹಿಡಿಸುವ ಸಂದಿಯಾಗುತ್ತದೆ, ಸಂದಿಯು ಗುಹೆಯಾಗುತ್ತದೆ, ಗುಹೆಯಲ್ಲಿ ನದಿ ಹರಿಯುತ್ತದೆ. ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯ ಬೇಲಂ ಗುಹೆಗಳು ಸುಮಾರು 3 ಕಿ.ಮೀ. ಉದ್ದವಿದ್ದು, ಹೀಗೆಯೇ ನೆಲದಡಿಯ ನೀರು ಸುಣ್ಣದ ಕಲ್ಲಿನಲ್ಲಿ ಕೊರೆದವುಗಳಾಗಿವೆ. ಅವುಗಳ ಅತಿ ಆಳದ ಭಾಗದಲ್ಲಿ ಇಂದಿಗೂ ತೊರೆಯೊಂದು ಹರಿಯುತ್ತಿದೆ.

ಅಲ್ಲಿ ಯಾರೂ ಸುತ್ತಿಗೆ ಹಿಡಿದಿರಲಿಲ್ಲ. ಮೃದುವಾದ ನೀರು ಕಠಿಣವಾದ ಕಲ್ಲನ್ನು ಗೆದ್ದದ್ದು ಬಲದಿಂದಲ್ಲ, ಬಿಡದೆ ಬರುತ್ತಿದ್ದುದರಿಂದ.

ಎರಡನೆಯದು: ಬಿರಿದು ನೀರು ಕೊಡುವ ಕಲ್ಲು

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬೀದರ್ ನಗರವೇ ಅಂಥ ಕಲ್ಲಿನ ಮೇಲೆ ಕುಳಿತಿದೆ.

ನಮ್ಮ ಜಿಲ್ಲೆಯ ಬುಡದಲ್ಲಿರುವುದು ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಉಕ್ಕಿದ ಲಾವಾರಸವು ಹರಿದು ಆರಿ ಆದ ಕಲ್ಲು ಇದು. ಭಾಲ್ಕಿ, ಔರಾದ ತಾಲೂಕುಗಳ ಎರೆಭೂಮಿಯು ಈ ಕರಿಕಲ್ಲು ಮಳೆ ಬಿಸಿಲುಗಳಿಗೆ ಸವೆದು ಪುಡಿಯಾದ ಮಣ್ಣೇ ಆಗಿದೆ. ಅಂದರೆ ಉಳಿಯ ಮೊನೆಯನ್ನೂ ಮುರಿಯಬಲ್ಲ ಕಲ್ಲು ಕೊನೆಗೆ ಕರಗಿ, ತೊಗರಿ, ಉದ್ದು, ಜೋಳ ಬೆಳೆಯುವ ಹೊಲವಾಯಿತು. ನಾವು ಉಣ್ಣುವ ರೊಟ್ಟಿಯು ಕಲ್ಲಿನ ಸವೆತದಿಂದ ಬಂದದ್ದು!

ಬೀದರ್ ನಗರವಿರುವ ಎತ್ತರದ ಬಯಲಿನಲ್ಲಿ ಈ ಕರಿಕಲ್ಲಿನ ಮೇಲೆ ಕೆಂಪುಕಲ್ಲಿನ ದಪ್ಪ ಹೊದಿಕೆಯಿದೆ. ಕರಾವಳಿಯವರು ಇದನ್ನು ಮುರಕಲ್ಲು, ಜಂಬಿಟ್ಟಿಗೆ ಎನ್ನುತ್ತಾರೆ. ಮಳೆಯ ನೀರು ಲಕ್ಷಾಂತರ ವರ್ಷ ಇಳಿದಿಳಿದು, ಕಲ್ಲಿನಲ್ಲಿದ್ದ ಕರಗುವ ಅಂಶಗಳನ್ನೆಲ್ಲ ತೊಳೆದುಕೊಂಡು ಹೋದ ಮೇಲೆ ಉಳಿದದ್ದು ಕಬ್ಬಿಣದ ಮತ್ತು ಅಲ್ಯುಮಿನಿಯಂನ ಅಂಶ. ಆ ಕಬ್ಬಿಣ ತುಕ್ಕು ಹಿಡಿದಿದೆ. ಬೀದರಿನ ಮಣ್ಣಿನ ಕೆಂಪು ಎಂದರೆ ತುಕ್ಕಿನ ಕೆಂಪು. ಆದರೆ ಈ ಕಲ್ಲು ಜೇನುಗೂಡಿನಂತೆ ತೂತು ತೂತಾಗಿದೆ. ಮಳೆ ಬಿದ್ದರೆ ತಡೆಯದೆ ಒಳಗೆ ಬಿಟ್ಟುಕೊಳ್ಳುತ್ತದೆ. ನೀರು ಇಳಿದು ಹೋಗಿ ಕೆಳಗಿನ ಗಟ್ಟಿ ಕರಿಕಲ್ಲಿನ ಮೇಲೆ ನಿಲ್ಲುತ್ತದೆ, ಎರಡು ಕಲ್ಲುಗಳು ಕೂಡುವೆಡೆಯಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಬೀದರ್ ಸುತ್ತಲಿನ ಹಲವು ಝರಿಗಳ ಗುಟ್ಟು ಇದೇ. ಬೇರೆ ಧರ್ಮಗಳ ಸಹೋದರರು ಪವಿತ್ರವೆಂದು ಗೌರವಿಸುವ ಝರಿಗಳೂ ಅವುಗಳಲ್ಲಿವೆ. ಅಲ್ಲಾಹನು ನೀರನ್ನು ಕೊಡುವಾಗ ಯಾರ ಜಾತಿಯನ್ನೂ ಕೇಳುವುದಿಲ್ಲ.

ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ್ ವಲಿಯು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದಾಗ ಇಷ್ಟು ಎತ್ತರದ ಬಯಲಿನಲ್ಲಿ ಅಷ್ಟು ಜನರಿಗೆ ನೀರು ಎಲ್ಲಿಂದ ತರುವುದು ಎಂಬ ಪ್ರಶ್ನೆಯಿತ್ತು. ಇರಾನಿನಲ್ಲಿ ಬಳಕೆಯಲ್ಲಿದ್ದ ಕರೇಜ್ ಪದ್ಧತಿಯನ್ನು ಇಲ್ಲಿ ಅನುಸರಿಸಲಾಯಿತು. ಕೆಂಪುಕಲ್ಲಿನೊಳಗೆ ಸಣ್ಣ ಇಳಿಜಾರಿನ ಸುರಂಗ ಕೊರೆದು, ನಡುನಡುವೆ ಗಾಳಿಗೂ ಬೆಳಕಿಗೂ ಬಾವಿಗಳನ್ನು ತೋಡಿ, ಕಲ್ಲಿನಿಂದ ಜಿನುಗುವ ನೀರನ್ನು ಒಟ್ಟುಗೂಡಿಸಿ ಹರಿಸಿದರು. ನೌಬಾದಿನ ಕರೇಜ್ 3 ಕಿ.ಮೀ.ಗಿಂತ ಹೆಚ್ಚು ಉದ್ದವಿದ್ದು, 21 ಗಾಳಿಬಾವಿಗಳನ್ನು ಹೊಂದಿದೆ. ಏತವಿಲ್ಲ, ಎತ್ತಿಲ್ಲ, ಪಂಪಿಲ್ಲ. ಕಲ್ಲು ಕೊಟ್ಟ ನೀರು ತಾನಾಗಿಯೇ ನಡೆದು ಬರುತ್ತಿತ್ತು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ರೈತರೂ ಇಂಥದೇ ಕೆಂಪುಕಲ್ಲಿನ ಗುಡ್ಡಗಳಲ್ಲಿ ಸುರಂಗ ಕೊರೆದು ಇಂದಿಗೂ ತೋಟಗಳಿಗೆ ನೀರುಣಿಸುತ್ತಿದ್ದಾರೆ.

ಈಗ ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯದ 14ನೆಯ ಸೂಕ್ತವನ್ನು ನೆನಪಿಸಿಕೊಳ್ಳಿರಿ. ಜನರು ಗಳಿಸಿದ ಕರ್ಮಗಳೇ ಅವರ ಹೃದಯಗಳ ಮೇಲೆ ತುಕ್ಕಾಗಿ ಕುಳಿತಿವೆ ಎಂಬ ಅರ್ಥದ ಮಾತು ಅಲ್ಲಿದೆ. ಅದನ್ನು ವಿವರಿಸುತ್ತಾ ಪ್ರವಾದಿವರ್ಯರು(ಸ), ದಾಸನೊಬ್ಬನು ಪಾಪ ಮಾಡಿದಾಗ ಅವನ ಹೃದಯದಲ್ಲಿ ಒಂದು ಕಪ್ಪು ಚುಕ್ಕೆ ಬೀಳುತ್ತದೆ, ಪಶ್ಚಾತ್ತಾಪಪಟ್ಟು ಮರಳಿದರೆ ಅದು ತೊಳೆದುಹೋಗುತ್ತದೆ, ಮತ್ತೆ ಮಾಡಿದರೆ ಚುಕ್ಕೆ ಬೆಳೆದು ಹೃದಯವನ್ನೇ ಮುಚ್ಚುತ್ತದೆ ಎಂದು ತಿಳಿಸಿದ್ದಾರೆ (ತಿರ್ಮಿದಿ).

ಬೀದರಿನ ಕಲ್ಲಿನಲ್ಲಿ ತುಕ್ಕು ಹಿಡಿಯದ ಜಾಗವೇ ಇಲ್ಲ. ಆದರೂ ಅದು ನೀರು ಕೊಟ್ಟಿತು, ಒಂದು ರಾಜಧಾನಿಯ ಬಾಯಾರಿಕೆಯನ್ನು ತಣಿಸಿತು. ಕಾರಣ, ಅದು ಮೇಲಿನಿಂದ ಬಂದದ್ದನ್ನು ಒಳಗೆ ಬಿಟ್ಟುಕೊಂಡಿತು. "ನನ್ನಂಥ ಪಾಪಿಗೆ ಇನ್ನೇನಿದೆ? ಇಷ್ಟು ವರ್ಷ ನಮಾಝ್ ಬಿಟ್ಟವನು ಈಗ ಯಾವ ಮುಖದಿಂದ ಮಸೀದಿಗೆ ಹೋಗಲಿ?" ಎಂದು ಕೊರಗುವ ಸಹೋದರರು ನಮ್ಮ ಊರುಗಳಲ್ಲಿದ್ದಾರೆ. ಅವರು ಈ ಕಲ್ಲನ್ನು ನೋಡಲಿ. ತುಕ್ಕು ಹಿಡಿದಿರುವುದು ಅಂತ್ಯವಲ್ಲ. ಬಾಗಿಲು ಮುಚ್ಚಿಕೊಳ್ಳುವುದು ಅಂತ್ಯ.

ಮೂರನೆಯದು: ಭಯದಿಂದ ಉರುಳುವ ಕಲ್ಲು

ಈ ಸೂಕ್ತವನ್ನು ಪಾಠ ಮಾಡುವಾಗ ವಿದ್ಯಾರ್ಥಿಯೊಬ್ಬನು, "ಹಜ್ರತ್, ಕಲ್ಲಿಗೆ ಜೀವವೇ ಇಲ್ಲ. ಅದಕ್ಕೆ ಭಯ ಹೇಗೆ?" ಎಂದು ಕೇಳಿದನು. ಒಳ್ಳೆಯ ಪ್ರಶ್ನೆ. ಆಕಾಶ ಭೂಮಿಗಳಲ್ಲಿರುವ ಪ್ರತಿಯೊಂದು ವಸ್ತುವೂ ಅಲ್ಲಾಹನ ಸ್ತುತಿ ಮಾಡುತ್ತಿದೆ, ಆದರೆ ಆ ಸ್ತುತಿ ನಮಗೆ ಅರ್ಥವಾಗದು ಎಂದು ಕುರ್‌ಆನ್ ಹೇಳಿದೆ (17:44). ಉಹುದ್ ಪರ್ವತವು ನಮ್ಮನ್ನು ಪ್ರೀತಿಸುತ್ತದೆ, ನಾವೂ ಅದನ್ನು ಪ್ರೀತಿಸುತ್ತೇವೆ ಎಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ (ಬುಖಾರಿ, ಮುಸ್ಲಿಮ್). ಕಲ್ಲಿನ ಭಯ ಎಂಥದೆಂದು ಅದರ ಸೃಷ್ಟಿಕರ್ತನೇ ಬಲ್ಲನು. ಕಲ್ಲು ಯಾವ ನಿಯಮದಂತೆ ಬೀಳುತ್ತದೆಂದು ಶಾಸ್ತ್ರ ವಿವರಿಸುತ್ತದೆ. ಆ ನಿಯಮ ಯಾರದೆಂದು ಕುರ್‌ಆನ್ ತಿಳಿಸುತ್ತದೆ. ಎರಡರಲ್ಲಿ ಜಗಳವಿಲ್ಲ.

ಕಲ್ಲು ಉರುಳುವುದನ್ನು ತಿಳಿಯಲು ಸುಣ್ಣದ ಕಲ್ಲಿನ ಸಮುದ್ರತೀರಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ನಮ್ಮ ರಾಜ್ಯದ ಕರಾವಳಿಯಲ್ಲಿ ಅಂಥ ತೀರವಿಲ್ಲ. ಆದರೆ ಅಂಡಮಾನಿನ ಶಹೀದ್ ದ್ವೀಪದಲ್ಲಿ ಹವಳದ ಸುಣ್ಣಕಲ್ಲನ್ನು ಅಲೆಗಳು ಕೊರೆದು ಮಾಡಿದ ನೈಸರ್ಗಿಕ ಸೇತುವೆಯಿದೆ. ದುಡಿಮೆಗಾಗಿ ಒಮಾನಿಗೆ ಹೋದವರು ಸಲಾಲಾ ಬಳಿಯ ಮುಗ್ಸೈಲ್ ತೀರವನ್ನು ನೋಡಿರಬಹುದು. ಅಲ್ಲಿ ಅಲೆಗಳು ಸುಣ್ಣಕಲ್ಲಿನ ಹಾಸನ್ನು ಕೆಳಗಿನಿಂದ ಕೊರೆದಿವೆ. ಮಳೆಗಾಲದ ಅಲೆ ಬಂದು ಬಡಿದಾಗ ಮೇಲಿನ ತೂತುಗಳಿಂದ ನೀರು ಕಾರಂಜಿಯಂತೆ ಚಿಮ್ಮುತ್ತದೆ. ಹಜ್, ಉಮ್ರಾಗಳಿಗೆ ಹೋದವರು ಜಿದ್ದಾದ ಹಳೆಯ ಪೇಟೆಯಲ್ಲಿ ನೋಡುವ ಪುರಾತನ ಮನೆಗಳ ಗೋಡೆಗಳೂ ಕೆಂಪು ಸಮುದ್ರದ ಹವಳದ ಸುಣ್ಣಕಲ್ಲಿನವು.

ಸಮುದ್ರವು ಬಂಡೆಯನ್ನು ಸವೆಸುವುದು ಹಲವು ರೀತಿಯಲ್ಲಿ. ಅಲೆ ಬಂದು ಅಪ್ಪಳಿಸಿದಾಗ ಬಿರುಕಿನೊಳಗಿನ ಗಾಳಿ ಒತ್ತಲ್ಪಡುತ್ತದೆ. ಅಲೆ ಹಿಂದೆ ಸರಿದಾಗ ಆ ಗಾಳಿ ಒಮ್ಮೆಲೇ ಹಿಗ್ಗಿ ಬಿರುಕನ್ನು ಅಗಲಿಸುತ್ತದೆ. ಅಲೆಯು ಹೊತ್ತು ತರುವ ಮರಳು, ಹರಳುಗಳು ಅರದಂತೆ ಬಂಡೆಯನ್ನು ತಿಕ್ಕುತ್ತವೆ. ಸಿಡಿದ ಉಪ್ಪುನೀರು ಬಂಡೆಯ ರಂಧ್ರಗಳಲ್ಲಿ ಆರಿದಾಗ ಉಪ್ಪಿನ ಹರಳುಗಳು ಬೆಳೆದು ಕಲ್ಲಿನ ಕಣಗಳನ್ನು ಬಿಡಿಸುತ್ತವೆ. ಸಮುದ್ರದ ನೀರಿನಲ್ಲಿ ಸುಣ್ಣದಂಶ ಮೊದಲೇ ಇರುವುದರಿಂದ ಅದು ಮಳೆನೀರಿನಷ್ಟು ಸುಲಭವಾಗಿ ಸುಣ್ಣಕಲ್ಲನ್ನು ಕರಗಿಸದು. ಆದರೆ ಬಂಡೆಗೆ ಅಂಟಿಕೊಂಡು ಬದುಕುವ ಚಿಪ್ಪುಜೀವಿಗಳು ಅದನ್ನು ಕೆರೆಯುತ್ತವೆ, ಕೊರೆಯುತ್ತವೆ. ಬೆರಳುಗಾತ್ರದ ಜೀವಿ ಬೆಟ್ಟವನ್ನು ತಿನ್ನುತ್ತದೆ!

ಈ ಎಲ್ಲ ಸವೆತವೂ ಹೆಚ್ಚಾಗಿ ನಡೆಯುವುದು ಅಲೆ ಮುಟ್ಟುವ ಎತ್ತರದಲ್ಲಿ, ಅಂದರೆ ಬಂಡೆಯ ಬುಡದಲ್ಲಿ. ಮೊದಲು ಅಲ್ಲಿ ಒಂದು ಕಚ್ಚು ಬೀಳುತ್ತದೆ. ಕಚ್ಚು ಆಳವಾಗಿ ಗುಹೆಯಾಗುತ್ತದೆ. ಸಮುದ್ರಕ್ಕೆ ಚಾಚಿದ ಬಂಡೆಯ ಎರಡು ಬದಿಯ ಗುಹೆಗಳು ಕೂಡಿದಾಗ ಕಮಾನು ನಿಲ್ಲುತ್ತದೆ. ಕಮಾನಿನ ಛಾವಣಿ ಕುಸಿದಾಗ ಹೊರಗಿನ ಕಾಲು ಒಂಟಿ ಕಂಬವಾಗಿ ನೀರಿನಲ್ಲಿ ಉಳಿಯುತ್ತದೆ. ಕೊನೆಗೆ ಆ ಕಂಬವೂ ಉರುಳುತ್ತದೆ. ನೋಡಲು ಹೋದವರು ಕಮಾನನ್ನೂ ಕಂಬವನ್ನೂ ಮೆಚ್ಚಿ ಚಿತ್ರ ತೆಗೆದುಕೊಳ್ಳುತ್ತಾರೆ. ಆದರೆ ಅದು ಬೀಳುವ ದಾರಿಯಲ್ಲಿನ ಒಂದು ನಿಲ್ದಾಣ ಮಾತ್ರ.

ಆಸ್ಟ್ರೇಲಿಯಾದ ವಿಕ್ಟೋರಿಯಾ ತೀರದಲ್ಲಿ ಜನರು ಲಂಡನ್ ಬ್ರಿಜ್ ಎಂದು ಕರೆಯುತ್ತಿದ್ದ ಜೋಡಿ ಕಮಾನಿನ ಸುಣ್ಣಕಲ್ಲಿನ ಬಂಡೆಯಿತ್ತು. 1990ರ ಜನವರಿಯಲ್ಲಿ ಅದರ ದಡದ ಕಡೆಯ ಕಮಾನು ಕುಸಿಯಿತು. ಆಗಷ್ಟೇ ಅದರ ಮೇಲೆ ನಡೆದುಹೋಗಿದ್ದ ಇಬ್ಬರು ಆಚೆಯ ತುದಿಯಲ್ಲಿ ಸಿಲುಕಿದರು. ಅವರನ್ನು ಹೆಲಿಕಾಪ್ಟರಿನಿಂದ ಇಳಿಸಬೇಕಾಯಿತು. ಅದೇ ತೀರದ ಪ್ರಸಿದ್ಧ ಕಲ್ಲುಕಂಬಗಳ ಬುಡವು ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಷ್ಟು ಸವೆಯುತ್ತದೆಂದು ಹೇಳುತ್ತಾರೆ. ಅವುಗಳಲ್ಲೊಂದು 2005ರ ಜುಲೈಯಲ್ಲಿ ಕ್ಷಣಾರ್ಧದಲ್ಲಿ ಪುಡಿಯಾಯಿತು. ಮಾಲ್ಟಾ ದೇಶದ ಗೋಝೋ ದ್ವೀಪದಲ್ಲಿ 'ನೀಲಿ ಕಿಟಕಿ' ಎಂಬ ಅರ್ಥದ ಹೆಸರು ಪಡೆದಿದ್ದ ದೊಡ್ಡ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಸಿಕ್ಕಿ ಸಮುದ್ರದ ಪಾಲಾಯಿತು.

ಸವೆತ ಸಾವಿರಾರು ವರ್ಷದ್ದು, ಪತನ ಒಂದು ಕ್ಷಣದ್ದು. ಬೀಳುವ ಹಿಂದಿನ ದಿನವೂ ಅದರ ನೆತ್ತಿ ಗಟ್ಟಿಯಾಗಿಯೇ ಕಾಣುತ್ತಿತ್ತು.

ನಮಗಿರುವ ಪಾಠಗಳು

ಒಂದು: ಸಣ್ಣದಾದರೂ ಬಿಡದೆ ಮಾಡುವ ಸತ್ಕರ್ಮ. ಕರ್ಮಗಳಲ್ಲಿ ಅಲ್ಲಾಹನಿಗೆ ಅತ್ಯಂತ ಪ್ರಿಯವಾದುದು, ಅಲ್ಪವಾಗಿದ್ದರೂ ನಿರಂತರವಾಗಿ ಮಾಡುವಂಥದು ಎಂಬ ಆಶಯದ ಹದೀಸನ್ನು ಹ. ಆಯಿಶಾ(ರ) ವರದಿ ಮಾಡಿದ್ದಾರೆ (ಬುಖಾರಿ, ಮುಸ್ಲಿಮ್). ರಮಝಾನಿನಲ್ಲಿ ಒಂದು ತಿಂಗಳು ಉಕ್ಕಿ, ಈದ್ ಮುಗಿಯುತ್ತಲೇ ಬತ್ತಿಹೋಗುವ ನೀರು ಕಲ್ಲನ್ನು ಕೊರೆಯದು. ದಿನಕ್ಕೆ ಐದು ಸೂಕ್ತಗಳನ್ನು ಅರ್ಥಸಹಿತ ಓದಿರಿ. ಹೆಚ್ಚು ಬೇಡ. ಆದರೆ ಮದುವೆಯ ಗದ್ದಲದ ದಿನವೂ ಸುಗ್ಗಿಯ ದಿನವೂ ಬಿಡಬೇಡಿರಿ.

ಎರಡು: ಸಣ್ಣದೆಂದು ಕಡೆಗಣಿಸುವ ಪಾಪ. ಕಣಿವೆಯಲ್ಲಿ ಇಳಿದುಕೊಂಡ ಪ್ರಯಾಣಿಕರು ತಲಾ ಒಂದೊಂದು ಕಡ್ಡಿ ತಂದು, ರೊಟ್ಟಿ ಬೇಯಿಸುವಷ್ಟು ಬೆಂಕಿ ಮಾಡಿದ ಉಪಮೆಯನ್ನು ಕೊಟ್ಟು ಪ್ರವಾದಿವರ್ಯರು(ಸ) ಸಣ್ಣ ಪಾಪಗಳ ಕುರಿತು ಎಚ್ಚರಿಸಿದ್ದಾರೆ (ಅಹ್ಮದ್). ತೂಕದಲ್ಲಿ ಒಂದು ಚಿಟಿಕೆ ಕಡಿಮೆ, ನೆರೆಮನೆಯವರ ಬಗ್ಗೆ ಚಹಾದ ಹೊತ್ತಿನ ನಾಲ್ಕು ಮಾತು, 'ಇಂದೊಂದು ದಿನ' ಎಂದು ಬಿಟ್ಟ ಫಜ್ರ್. ಇವು ಯಾವುವೂ ಹೊರಗಿನವರಿಗೆ ಕಾಣವು. ಗಡ್ಡ, ಟೋಪಿ, ಪರ್ದಾಗಳೆಲ್ಲ ಇದ್ದ ಹಾಗೆಯೇ ಇರುತ್ತವೆ. ಸವೆಯುತ್ತಿರುವುದು ಬುಡ. ಮುಂದೊಂದು ದಿನ ದೊಡ್ಡ ಪರೀಕ್ಷೆಯ ಅಲೆ ಬಂದಾಗ ಮನುಷ್ಯ ಬೀಳುತ್ತಾನೆ. ಜನರು ಆ ಅಲೆಯನ್ನು ದೂರುತ್ತಾರೆ. ಆದರೆ ಆ ಕೆಲಸ ಬಹಳ ಹಿಂದೆಯೇ ನಡೆದಿತ್ತು.

ಮೂರು: ಮನೆಯೊಳಗಿನ ಕಲ್ಲುಗಳು. ಹೊಲದ ಬದುವಿಗಾಗಿ, ಬಾವಿಯ ಪಾಲಿಗಾಗಿ, ಮದುವೆಯಲ್ಲಿ ಕರೆಯುವುದು ತಪ್ಪಿದ್ದಕ್ಕಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು, ಅಕ್ಕತಂಗಿಯರು ನಮ್ಮ ಪ್ರತಿ ಊರಿನಲ್ಲಿಯೂ ಇದ್ದಾರೆ. ಒಂದೇ ಸಫ್‌ನಲ್ಲಿ ನಿಂತು ನಮಾಝ್ ಮಾಡುತ್ತಾರೆ, ಸಲಾಮ್ ಹೇಳದೆ ಚಪ್ಪಲಿ ಮೆಟ್ಟುತ್ತಾರೆ. ಸಹೋದರನೊಡನೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡುವುದು ಧರ್ಮಸಮ್ಮತವಲ್ಲವೆಂದೂ, ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಉತ್ತಮನೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ (ಬುಖಾರಿ, ಮುಸ್ಲಿಮ್). ಒಂದು ಸಲಾಮಿಗೆ ಆ ಕಡೆಯಿಂದ ಉತ್ತರ ಬಾರದಿರಬಹುದು. ಒಂದು ಹನಿಗೆ ಕಲ್ಲೂ ಉತ್ತರ ಕೊಡುವುದಿಲ್ಲ. ನಾಳೆ ಮತ್ತೆ ಹೇಳಿರಿ.

ನಾಲ್ಕು: ನೀರಿನ ಹಕ್ಕು. ಬೀದರಿನ ಕರೇಜನ್ನು ಕೊರೆದ ಕೂಲಿಗಳ ಹೆಸರು ನಮಗೆ ತಿಳಿಯದು, ಅಲ್ಲಾಹನಿಗೆ ತಿಳಿದಿದೆ. ತೀರಿಹೋದ ತಾಯಿಗಾಗಿ ಯಾವ ದಾನ ಉತ್ತಮವೆಂದು ಹ. ಸಅದ್ ಬಿನ್ ಉಬಾದಾ(ರ) ಕೇಳಿದಾಗ ಪ್ರವಾದಿವರ್ಯರು(ಸ) 'ನೀರು' ಎಂದರು. ಅವರು ಬಾವಿ ತೋಡಿಸಿದರು (ಅಬೂದಾವೂದ್). ನಮ್ಮ ಹಿರಿಯರು ಬಿಟ್ಟುಹೋದ ಗಾಳಿಬಾವಿಗಳು ಕಾಲಕ್ರಮೇಣ ಹೂಳಿನಿಂದಲೂ ಕಸದಿಂದಲೂ ತುಂಬಿದವು. 2015ರ ಸುಮಾರಿಗೆ ನೌಬಾದಿನ ಕರೇಜಿನ ಹೂಳು ತೆಗೆಯುವ ಕೆಲಸ ನಡೆದಾಗ ಕಲ್ಲು ಇನ್ನೂ ನೀರು ಕೊಡುತ್ತಿರುವುದನ್ನು ಜನ ಕಂಡರು. ಕಲ್ಲು ತನ್ನ ಕೆಲಸ ನಿಲ್ಲಿಸಿರಲಿಲ್ಲ. ದಾರಿಯನ್ನು ಮುಚ್ಚಿದ್ದು ಮನುಷ್ಯನ ಕಸ. ಅಂಥ ಬಾವಿಗೆ ಒಂದು ಬುಟ್ಟಿ ಕಸ ಹಾಕುವವನು ಯಾರ ಪುಣ್ಯದ ಬಾಯಿಯನ್ನು ಮುಚ್ಚುತ್ತಿದ್ದೇನೆಂದು ಯೋಚಿಸಲಿ. ಬೇಸಿಗೆಯಲ್ಲಿ ಔರಾದದ ತಾಯಂದಿರು ಕೊಡ ಹಿಡಿದು ನಿಲ್ಲುವ ಹೊತ್ತಿನಲ್ಲಿ, ವುಝೂ ಮಾಡುವಾಗ ನಲ್ಲಿಯನ್ನು ಹರಿಯಬಿಡುವವನೂ ಯೋಚಿಸಲಿ. ಹರಿಯುವ ಹೊಳೆಯ ದಡದಲ್ಲಿದ್ದರೂ ವುಝೂವಿನಲ್ಲಿ ನೀರಿನ ದುಂದು ಸಲ್ಲದೆಂಬ ಬೋಧನೆ ನಮ್ಮದು (ಇಬ್ನು ಮಾಜಃ).

ಮನೆಯವರೆಲ್ಲ ಸೇರಿ ಚರ್ಚಿಸಿರಿ

1. ಸೂಕ್ತದಲ್ಲಿ ಹೇಳಿರುವ ಮೂರು ಬಗೆಯ ಕಲ್ಲುಗಳು ಯಾವುವು? ನಿಮ್ಮ ಊರಿನ ಸುತ್ತಮುತ್ತ ಅವಕ್ಕೆ ಹೋಲುವ ಸ್ಥಳಗಳಿವೆಯೇ?
2. ಬಳಸದೆ ಬಿದ್ದಿರುವ ಒಂದು ಫರಸಿ ತುಂಡಿನ ಮೇಲೆ ನಿಂಬೆಹನಿ ಬಿಟ್ಟು ಮಕ್ಕಳಿಗೆ ತೋರಿಸಿರಿ. ಏನಾಯಿತು? ಏಕೆ?
3. ಮುಂದಿನ ನಲವತ್ತು ದಿನ ಬಿಡದೆ ಮಾಡಬಲ್ಲ ಒಂದು ಸಣ್ಣ ಸತ್ಕರ್ಮವನ್ನು ಮನೆಯ ಪ್ರತಿಯೊಬ್ಬರೂ ಆರಿಸಿಕೊಳ್ಳಿರಿ.
4. ನೀವು ಮಾತು ಬಿಟ್ಟಿರುವವರು ಯಾರಾದರೂ ಇದ್ದಾರೆಯೇ? ಇದಕ್ಕೆ ಉತ್ತರವನ್ನು ಬಾಯಿಯಿಂದ ಹೇಳಬೇಕಾಗಿಲ್ಲ. ಅವರ ಮನೆಗೆ ಹೋಗಿ ಬಂದರೆ ಸಾಕು.

ಈ ಕುರ್‌ಆನ್ ಪರ್ವತವೊಂದರ ಮೇಲೆ ಇಳಿದಿದ್ದರೆ ಅದು ಅಲ್ಲಾಹನ ಭಯದಿಂದ ಬಾಗಿ ಬಿರಿದುಹೋಗುತ್ತಿತ್ತು ಎಂಬ ಅರ್ಥದ ಸೂಕ್ತ 59ನೆಯ ಅಧ್ಯಾಯದಲ್ಲಿದೆ (59:21). ಅದು ಇಳಿದದ್ದು ಪರ್ವತದ ಮೇಲಲ್ಲ, ನಮಗಾಗಿ. ಪ್ರತಿದಿನವೂ ನಮ್ಮ ಕಿವಿಯ ಮೇಲೆ ಬೀಳುತ್ತಿದೆ. ಒಳಗೆ ಬಿಟ್ಟುಕೊಳ್ಳುವ ಕೆಲಸ ನಮ್ಮದು.

ಪ್ರಯೋಜನವಿಲ್ಲದ ಜ್ಞಾನದಿಂದಲೂ ಭಯಭಕ್ತಿಯಿಲ್ಲದ ಹೃದಯದಿಂದಲೂ ಪ್ರವಾದಿವರ್ಯರು(ಸ) ಅಲ್ಲಾಹನ ಅಭಯ ಯಾಚಿಸುತ್ತಿದ್ದರು (ಮುಸ್ಲಿಮ್). ಅದೇ ಯಾಚನೆ ನಮ್ಮದೂ ಆಗಲಿ. ನಮ್ಮ ಹೃದಯಗಳ ತುಕ್ಕನ್ನು ಅಲ್ಲಾಹನು ತೊಳೆಯಲಿ, ಅವುಗಳಿಂದ ನೀರು ಹೊಮ್ಮಿಸಲಿ. ಆಮೀನ್.